ಫೋನಿನ ಎರಡು ತುದಿಗಳು: ಒಂದು ಒತ್ತೆಯಾಳು ಚಿತ್ರಕಥೆ ಬರೆದ ಅನುಭವ

ಹುಬ್ಬಳ್ಳಿಯ ಒಬ್ಬ ಯುವ ನಿರ್ದೇಶಕರೊಂದಿಗೆ ಸೇರಿ ನಾನು ಬರೆಯುತ್ತಿರುವ ಕನ್ನಡ ಥ್ರಿಲ್ಲರ್ ಚಿತ್ರದ ಕಥೆ ಇಷ್ಟು. ಸೊಮಾಲಿಯಾದ ಕಡಲ್ಗಳ್ಳರು ಅಪಹರಿಸಿ ತಮ್ಮ ತೀರದಾಚೆ ಲಂಗರು ಹಾಕಿಸಿದ ಸರಕು ಹಡಗಿನಲ್ಲಿ ಗದಗ ತಾಲ್ಲೂಕಿನ ಒಬ್ಬ ಫಿಟ್ಟರ್ ಒತ್ತೆಯಾಳಾಗಿದ್ದಾನೆ. ಧಾರವಾಡ ಮೂಲದ ಒಬ್ಬ ನಿವೃತ್ತ ಅಧಿಕಾರಿ ಮುಂಬೈಯಲ್ಲಿ ಹಡಗು ಕಂಪನಿಯ ಕಚೇರಿಯೊಳಗೆ ಕುಳಿತು, ಸ್ಯಾಟಲೈಟ್ ಫೋನಿನಲ್ಲಿ ಕಳ್ಳರ ದುಭಾಷಿಯೊಂದಿಗೆ ತಿಂಗಳುಗಟ್ಟಲೆ ಮಾತನಾಡುತ್ತಾರೆ. ಕೊನೆಗೆ ನಮ್ಮ ನೌಕಾಪಡೆ ಹೋಗಿ ಹಡಗಿನವರನ್ನು ಬಿಡಿಸಿ ತರುತ್ತದೆ. ನಿರ್ದೇಶಕರ ಮನಸ್ಸೆಲ್ಲ ನೌಕಾಪಡೆ ಬರುವ ಭಾಗದ ಮೇಲಿತ್ತು, ನನ್ನ ಮನಸ್ಸು ಫೋನಿನ ಮಾತಿನ ಮೇಲಿತ್ತು. ಈ ಎರಡೂ ಒಂದೇ ಕಥೆಯೊಳಗೆ ಹೇಗೆ ಕೂಡಿಕೊಂಡವು, ಅದಕ್ಕಾಗಿ ಧಾರವಾಡ, ಹಾವೇರಿ, ಗದಗಗಳಲ್ಲಿ ಯಾರ ಯಾರ ಮುಂದೆ ಕುಳಿತು ಏನನ್ನು ಕಲಿತೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒತ್ತೆಯಾಳಿನ ಕಥೆ ಕನ್ನಡದ ಪ್ರೇಕ್ಷಕರಿಗೆ ಹೊಸದಲ್ಲ. 2000ನೇ ಇಸವಿಯ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ ಮೇಲೆ, ಅವರು ಬಿಡುಗಡೆಯಾಗಿ ಬರುವವರೆಗಿನ 108 ದಿನ ಇಡೀ ನಾಡು ಹೇಗೆ ಕಾದಿತ್ತು ಎಂಬುದನ್ನು ಆ ಕಾಲ ಕಂಡ ಯಾರೂ ಮರೆತಿಲ್ಲ. ಸಂಧಾನಕ್ಕೆಂದು ಕಾಡಿಗೆ ಹೋದ ನಕ್ಕೀರನ್ ಪತ್ರಿಕೆಯ ಸಂಪಾದಕ ಆರ್. ಗೋಪಾಲ್ ಅವರು ಯಾವಾಗ ಮರಳುತ್ತಾರೆ, ಅವರು ತರುವ ಕ್ಯಾಸೆಟ್ಟಿನಲ್ಲಿ ಅಣ್ಣಾವ್ರ ದನಿ ಹೇಗಿರುತ್ತದೆ ಎಂಬುದೇ ಆಗ ಮನೆಮನೆಯ ಮಾತಾಗಿತ್ತು. ಜನರ ನೆನಪಿನಲ್ಲಿ ಉಳಿದಿರುವುದು ಬಂದೂಕಿನ ಸದ್ದಲ್ಲ, ಆ ಕಾಯುವಿಕೆ. ಆದ್ದರಿಂದ ನಮ್ಮ ಪ್ರೇಕ್ಷಕರಿಗೆ ಸಂಧಾನದ ಉದ್ವೇಗವನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಅದು ಅವರಿಗೆ ಗೊತ್ತೇ ಇದೆ ಎಂದು ನಾನು ಮೊದಲ ಭೇಟಿಯಲ್ಲೇ ನಿರ್ದೇಶಕರಿಗೆ ಹೇಳಿದೆ.

ಅವರು ನನ್ನ ಮುಂದಿಟ್ಟದ್ದು ರುಯೆನ್ ಹಡಗಿನ ಘಟನೆಯನ್ನು. 2023ರ ಡಿಸೆಂಬರಿನಲ್ಲಿ ಸೊಮಾಲಿಯಾದ ಕಳ್ಳರ ವಶವಾಗಿದ್ದ ಆ ಹಡಗನ್ನು ಭಾರತೀಯ ನೌಕಾಪಡೆ 2024ರ ಮಾರ್ಚ್ 16ರಂದು ಬಿಡಿಸಿತು. ಐಎನ್‌ಎಸ್ ಕೋಲ್ಕತಾ ಯುದ್ಧನೌಕೆ ಅದನ್ನು ತಡೆದು ನಿಲ್ಲಿಸಿತ್ತು. ಭಾರತದ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರದ ಆ ಜಾಗಕ್ಕೆ ವಾಯುಪಡೆಯ ಸಿ–17 ವಿಮಾನ ಹೋಗಿ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳನ್ನು, ಅವರ ದೋಣಿಗಳ ಸಮೇತ, ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಇಳಿಸಿತು. 35 ಕಳ್ಳರು ಶರಣಾದರು, ಹಡಗಿನ 17 ಸಿಬ್ಬಂದಿಯಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಇದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್ ಎಲ್ಲಿ ಸಿಗುತ್ತದೆ ಎಂದು ನಿರ್ದೇಶಕರು ಕೇಳಿದರು, ಆ ಮಾತು ಸತ್ಯವೂ ಹೌದು. ಆದರೆ ವಿವರಗಳನ್ನು ಒಟ್ಟಿಗೆ ಕುಳಿತು ಓದುತ್ತ ಹೋದಂತೆ ಇಬ್ಬರ ಕಣ್ಣೂ ಒಂದೇ ಅಂಶದ ಮೇಲೆ ನಿಂತಿತು. ಆ ಕಾರ್ಯಾಚರಣೆ ಸುಮಾರು 40 ಗಂಟೆ ನಡೆದಿತ್ತು. ಕಳ್ಳರು ಗುಂಡು ಹಾರಿಸಿದರೂ ನೌಕಾಪಡೆ ಒಮ್ಮೆಗೇ ಮೇಲೆ ಬೀಳಲಿಲ್ಲ. ಒತ್ತೆಯಾಳುಗಳನ್ನು ಬಿಟ್ಟು ಶರಣಾಗಿ ಎಂದು ಹೇಳುತ್ತಲೇ, ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಯಿತು. ಅಷ್ಟು ದೊಡ್ಡ ಬಲಪ್ರಯೋಗದ ನಡುವೆಯೂ ಮಾತು ನಡೆದೇ ಇತ್ತು. ಹೀಗೆ ನಾವು ಫೋನಿನ ಭಾಗವನ್ನು ಮೊದಲು ಗಟ್ಟಿ ಮಾಡಿಕೊಂಡು, ಆಮೇಲೆ ಹಡಗಿನ ಕಡೆ ಹೋಗುವುದೆಂದು ಒಪ್ಪಿಕೊಂಡೆವು.

ಸಂಧಾನ ಎಂದರೆ ಕೊನೆಗೂ ಚೌಕಾಶಿಯೇ. ಬಂದೂಕಿನ ಮುಂದೆ ಕೂತಿರುವ ಮನುಷ್ಯರ ಮೇಲೆ ನಡೆಯುವ ಚೌಕಾಶಿ. ಚೌಕಾಶಿ ಬಲ್ಲವರು ಬೇಕೆಂದಾಗ ನಿರ್ದೇಶಕರು ನನ್ನನ್ನು ಹಾವೇರಿಗೆ, ತಮ್ಮ ದೂರದ ಸಂಬಂಧಿಕರಾದ ಒಬ್ಬ ಹಿರಿಯ ದಲ್ಲಾಳಿಯ ಮನೆಗೆ ಕರೆದುಕೊಂಡು ಹೋದರು. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುತ್ತ ಆಯುಷ್ಯ ಕಳೆದವರು ಅವರು. ಕಥೆಯನ್ನು ಪೂರ್ತಿ ಕೇಳಿಸಿಕೊಂಡ ಮೇಲೆ, ಫೋನಿನಲ್ಲಿ ಮಾತಾಡುವವ ಯಾರು ಎಂದು ವಿಚಾರಿಸಿದರು. ಹಡಗಿನ ಮಾಲೀಕನೇ ಮಾತಾಡಿದರೆ ಹೇಗೆ ಎಂದು ನಾನು ಕೇಳಿದೆ.

“ಬ್ಯಾಡವಾ. ರೊಕ್ಕ ಯಾರ ಕಿಸೇದಾಗ ಐತೋ ಅವ ಎತ್ತಿನ ಮುಂದ ನಿಂದ್ರಬಾರದು. ಅವನ ಮಾರಿ ನೋಡಿದ್ರ ಸಾಕು, ಮಾರಾವಗ ಎಲ್ಲಾ ತಿಳಿದುಬಿಡತೈತಿ. ನಾ ಯಾಕ ನಡಕ ಇರತೇನಿ? ನನ್ನ ಕಿಸೆ ಖಾಲಿ ಐತಿ ಅಂತ ಇಬ್ಬರಿಗೂ ಗೊತ್ತಿರತೈತಿ, ಅದಕ್ಕ.”

ಬೆಲೆ ಏರಿಸುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. “ಮೊದಲ ಸಾವಿರ ಏರಸು, ಆಮ್ಯಾಲೆ ಐನೂರು, ಆಮ್ಯಾಲೆ ನೂರು. ನೂರಕ್ಕ ಬಂದಾಗ ಅವಗ ತಿಳೀತೈತಿ, ಇನ್ನ ಇವನ ಕಡೆ ಇಲ್ಲಂತ.”

ಈ ಎರಡು ಮಾತುಗಳು ಜಗತ್ತಿನ ಪೊಲೀಸ್ ಪಡೆಗಳು ಕಷ್ಟಪಟ್ಟು ಕಲಿತ ಪಾಠಗಳೇ ಆಗಿವೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನಡೆದ ಒತ್ತೆಯಾಳು ಪ್ರಕರಣದಲ್ಲಿ ಇಸ್ರೇಲಿನ 11 ಕ್ರೀಡಾಪಟುಗಳು ಮತ್ತು ತರಬೇತುದಾರರು ಸತ್ತ ಮೇಲೆ, ನ್ಯೂಯಾರ್ಕ್ ಪೊಲೀಸರು ಒತ್ತೆಯಾಳು ಸಂಧಾನಕ್ಕೆಂದೇ ಒಂದು ತಂಡ ಕಟ್ಟಿದರು. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಪತ್ತೇದಾರ ಹಾರ್ವಿ ಶ್ಲೋಸ್‌ಬರ್ಗ್ ಮತ್ತು ಅಧಿಕಾರಿ ಫ್ರಾಂಕ್ ಬೋಲ್ಜ್ ಅದನ್ನು ರೂಪಿಸಿದವರು. ಆತುರಪಡಬೇಡ, ಎಷ್ಟು ಹೊತ್ತು ಕಳೆಯುತ್ತದೋ ಅಷ್ಟು ಒಳ್ಳೆಯದು ಎನ್ನುವುದು ಅವರ ಪದ್ಧತಿಯ ತಳಹದಿ. ಸಂಧಾನಕಾರ ಆಜ್ಞೆ ಮಾಡಬಾರದು, ಆಜ್ಞೆ ಮಾಡುವವನು ಸಂಧಾನಕ್ಕೆ ಕೂರಬಾರದು ಎನ್ನುವುದು ಈ ವೃತ್ತಿಯಲ್ಲಿ ಎಲ್ಲರೂ ಒಪ್ಪಿದ ನಿಯಮ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎನ್ನುವ ಅವಕಾಶ ಅವನಿಗೆ ಸದಾ ಇರಬೇಕು, ಆ ಅವಕಾಶದಲ್ಲೇ ಹೊತ್ತು ಹುಟ್ಟುತ್ತದೆ. ಹಾವೇರಿಯಿಂದ ಬಂದ ಮೇಲೆ ನಮ್ಮ ಕಥಾನಾಯಕರನ್ನು ಯಾವ ಅಧಿಕಾರವೂ ಇಲ್ಲದ ಮನುಷ್ಯನನ್ನಾಗಿ ಮಾಡಿದೆವು. ಕಂಪನಿಯ ಮಾಲೀಕ ಒಂದು ಕೋಣೆಯಲ್ಲಿ, ಇವರು ಇನ್ನೊಂದರಲ್ಲಿ, ನಡುವೆ ಒಂದು ಬಾಗಿಲು. ಮಾಲೀಕ ಎಷ್ಟರವರೆಗೆ ಹೋಗಬಲ್ಲ ಎಂಬುದು ಇವರಿಗೂ ಗೊತ್ತಿಲ್ಲ.

ಮಾತುಗಳನ್ನು ಮೇಜಿನ ಮುಂದೆ ಕೂತು ಬರೆಯುವ ಬದಲು ಆಡಿಸಿ ನೋಡೋಣ ಎಂಬ ಸಲಹೆ ನಿರ್ದೇಶಕರದು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಬಾಳುವುದಾಗಿ ಕಂಡದ್ದು ಆ ಸಂಜೆಗಳೇ. ಧಾರವಾಡದ ರಂಗಭೂಮಿಯಲ್ಲಿ ಬಹುಕಾಲ ದುಡಿದ ಒಬ್ಬ ಹಿರಿಯ ನಟರು ಮಾಳಮಡ್ಡಿಯ ತಮ್ಮ ಮನೆಯಲ್ಲಿ ಸಂಧಾನಕಾರರಾಗಿ ಕೂತರು. ಹುಬ್ಬಳ್ಳಿಯ ವಿದ್ಯಾನಗರದ ಒಂದು ಕೋಣೆಯಲ್ಲಿ ಒಬ್ಬ ಯುವ ನಟ ದುಭಾಷಿಯಾದ. ಹಿರಿಯರ ಪಕ್ಕದಲ್ಲಿ ಕಂಪನಿಯ ಮಾಲೀಕಳಾಗಿ ನಾನು, ಯುವಕನ ಪಕ್ಕದಲ್ಲಿ ಕಳ್ಳರ ಮುಖಂಡರಾಗಿ ನಿರ್ದೇಶಕರು. ಇಬ್ಬರು ನಟರಿಗೂ ಬೇರೆ ಬೇರೆ ಮಾಹಿತಿಯ ಹಾಳೆ ಕೊಟ್ಟಿದ್ದೆವು. ದುಭಾಷಿಯ ಹಾಳೆಯಲ್ಲಿ, ಹಡಗು ಕಾಯುವ ಹುಡುಗರಿಗೆ ದಿನಗೂಲಿ ಏರುತ್ತಿರುವುದು, ಅವರು ಜಗಿಯುವ ಖಾಟ್ ಎಂಬ ಅಮಲಿನ ಸೊಪ್ಪನ್ನು ಸಾಲದಲ್ಲಿ ತರಿಸುತ್ತಿರುವುದು, ಮುಖಂಡನಿಗೆ ಬಂಡವಾಳ ಹಾಕಿದವರು ಕಿರುಕುಳ ಕೊಡುತ್ತಿರುವುದು ಎಲ್ಲ ಇತ್ತು. ಸೊಮಾಲಿಯಾದ ಕಡಲ್ಗಳ್ಳತನ ನಿಜವಾಗಿಯೂ ಹೀಗೆ ಸಾಲ, ಬಂಡವಾಳ, ಪಾಲುಗಳ ಮೇಲೆ ನಡೆಯುವ ದಂಧೆ. ಸಂಧಾನಕಾರರ ಹಾಳೆಯಲ್ಲಿ ಸಿಬ್ಬಂದಿಯ ಹೆಸರುಗಳು, ಹಡಗಿನಲ್ಲಿ ಉಳಿದ ಆಹಾರದ ಅಂದಾಜು, ಇಷ್ಟೇ.

ಮೊದಲ ಸಂಜೆ ಯುವಕ 70 ಲಕ್ಷ ಡಾಲರ್ ಕೇಳಿದ. ಹಿರಿಯರು ಬಾಗಿಲ ಕಡೆ, ಅಂದರೆ ನನ್ನ ಕಡೆ, ನೋಡಿದರು. ನಾನು ತಲೆ ಅಲ್ಲಾಡಿಸಿದೆ. “ಇಲ್ಲಪ್ಪಾ, ನನಗ ಅಷ್ಟು ಅಧಿಕಾರ ಇಲ್ಲ, ಕೇಳಿ ಹೇಳತೇನಿ,” ಎಂದರು. “ಹಂಗಾದ್ರ ಅಧಿಕಾರ ಇದ್ದವರಿಗೆ ಫೋನ್ ಕೊಡ್ರಿ,” ಎಂದು ಆ ಕಡೆಯಿಂದ ಉತ್ತರ ಬಂತು. ಇದನ್ನು ನಾವು ಯಾರೂ ಬರೆದಿರಲಿಲ್ಲ. ಹಿರಿಯರು ಕೊಂಚವೂ ವಿಚಲಿತರಾಗದೆ, ತಾನು ಫೋನ್ ಇಟ್ಟರೆ ಆ ಕಡೆ ಹಡಗಿನಲ್ಲಿರುವ ಕಾಯಿಲೆಯವರ ಬಗ್ಗೆ ಕೇಳುವವರೇ ಇರುವುದಿಲ್ಲವೆಂದು ಹೇಳಿ, ಮಾತನ್ನು ಔಷಧದ ಕಡೆ ತಿರುಗಿಸಿದರು. ಅಲ್ಲಿಂದ ಅರ್ಧ ತಾಸು ದುಡ್ಡಿನ ಸುದ್ದಿಯೇ ಬರಲಿಲ್ಲ. ರಕ್ತದೊತ್ತಡದ ಮಾತ್ರೆಗಳ ಬಗ್ಗೆ ಆಡಿದ ಆ ಮಾತುಗಳು ಹೆಚ್ಚು ಬದಲಾಗದೆ ಚಿತ್ರಕಥೆಯಲ್ಲಿ ಕೂತಿವೆ.

ಮುಂದಿನ ಸಂಜೆಗಳಲ್ಲಿ ನಾವು ಕಂಡುಕೊಂಡ ಮುಖ್ಯ ಸಂಗತಿ, ದುಭಾಷಿಯೂ ಸಂಧಾನಕಾರನಷ್ಟೇ ಅಧಿಕಾರಹೀನ ಎನ್ನುವುದು. ಅವನೂ ಒಂದು ಬಾಗಿಲ ಕಡೆ ನೋಡಿ ಉತ್ತರ ಕೊಡುವವನು. ಬೆದರಿಕೆ ಹಾಕು ಎಂದು ನಿರ್ದೇಶಕರು ಚೀಟಿಯಲ್ಲಿ ಬರೆದು ಕೊಟ್ಟಾಗ ಯುವಕ ಬೆದರಿಕೆ ಹಾಕುತ್ತಿದ್ದ, ಆದರೆ ಅವನ ದನಿಯ ಕೆಳಗಿದ್ದ ಹಿಂಜರಿಕೆ ಮಾಳಮಡ್ಡಿಗೆ ಕೇಳಿಸುತ್ತಿತ್ತು. ಹಿರಿಯರು ಆ ಹಿಂಜರಿಕೆಯೊಂದಿಗೆ ಮಾತಾಡಲು ಆರಂಭಿಸಿದರು. ಊಟವಾಯಿತೇ, ಯಾಕೆ ಇವತ್ತು ದನಿ ಬಿದ್ದಿದೆ ಎಂದು ಕೇಳುತ್ತಿದ್ದರು. ಎರಡು ತುದಿಯಲ್ಲೂ ದುಡ್ಡಿಲ್ಲದ, ಹುಕುಮಿಲ್ಲದ ಇಬ್ಬರು ಮನುಷ್ಯರು ಇಪ್ಪತ್ತು ಜನರ ಜೀವವನ್ನು ತಮ್ಮ ಮಾತಿನಲ್ಲಿ ಹಿಡಿದುಕೊಂಡು ಕೂತಿರುವ ಚಿತ್ರ ಅಲ್ಲಿ ನಮಗೆ ದಕ್ಕಿತು. ನಮ್ಮ ಸಿನಿಮಾ ಇದೇ ಎಂದು ನಾನು ನಿರ್ದೇಶಕರಿಗೆ ಹೇಳಿದೆ, ಅವರೂ ಆಗ ಮರುಮಾತಾಡಲಿಲ್ಲ. ಚಿತ್ರದಲ್ಲಿ ಈ ದುಭಾಷಿ ಭಾರತದಲ್ಲಿ ಒಂದೆರಡು ವರ್ಷ ಓದಿ ಹೋದವನು. ನಮ್ಮ ನಗರಗಳಲ್ಲಿ ಸೊಮಾಲಿಯಾದ ವಿದ್ಯಾರ್ಥಿಗಳು ಓದುವುದು ಇದ್ದದ್ದೇ ಆದ್ದರಿಂದ ಅವನು ಮುರುಕು ಹಿಂದಿಯಲ್ಲಿ ಮಾತಾಡುವುದು ಸಹಜವಾಗಿ ಕಾಣುತ್ತದೆ.

ಒತ್ತೆಯಾಳು ಬದುಕಿದ್ದಾನೆಂಬುದನ್ನು ಖಚಿತಪಡಿಸಿಕೊಳ್ಳಲು ಅವನಿಗೆ ಮಾತ್ರ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳುವ ಕ್ರಮ ಈ ವೃತ್ತಿಯಲ್ಲಿದೆ. ನಮ್ಮ ಫಿಟ್ಟರನ ಹೆಂಡತಿ ಕಳಿಸುವ ಪ್ರಶ್ನೆ, ಹೊಸ ಮನೆಯ ಹಿತ್ತಲಲ್ಲಿ ಮೊದಲು ನೆಟ್ಟ ಗಿಡ ಯಾವುದು ಎಂಬುದು. ಅಭ್ಯಾಸದ ಸಂಜೆ ಹಿರಿಯರು ಇದನ್ನು ಕೇಳಿದಾಗ ಯುವಕ ಸುಮ್ಮನೆ ಉತ್ತರ ತಂದುಕೊಡಲಿಲ್ಲ, ಅದಕ್ಕೆ ಬದಲಾಗಿ ಏನು ಕೊಡುತ್ತೀರಿ ಎಂದ. ಉತ್ತರ ಬರುವವರೆಗೆ ಮುಂದಿನ ಮೊತ್ತದ ಮಾತೇ ಇಲ್ಲ ಎಂದರು ಹಿರಿಯರು. ನುಗ್ಗಿ ಗಿಡ ಎಂಬ ಉತ್ತರ ಕೊನೆಗೆ ಬಂದಾಗ ಮಾಳಮಡ್ಡಿಯ ಮನೆಯಲ್ಲಿ ಕೂತ ನಮಗೆ, ಎಲ್ಲವೂ ನಾವೇ ಕಟ್ಟಿದ ಕಥೆಯೆಂದು ಗೊತ್ತಿದ್ದರೂ, ಕಣ್ಣು ತೇವವಾದವು.

ಹಡಗಿನ ಒಳಗಿನ ಬದುಕು ತಿಳಿಯಲು ಗದಗಕ್ಕೆ ಹೋಗಿ, ರಜೆಯ ಮೇಲೆ ಊರಿಗೆ ಬಂದಿದ್ದ ಒಬ್ಬ ಹಡಗಿನ ಫಿಟ್ಟರನ್ನು ಕಂಡೆವು. ಅವರು ಒತ್ತೆಯಾಳಾದವರಲ್ಲ, ಆದರೆ ಏಡನ್ ಕೊಲ್ಲಿಯನ್ನು ಅನೇಕ ಸಲ ದಾಟಿದವರು. ಹಡಗಿನ ಅಂಚಿಗೆ ಸುತ್ತುವ ಮುಳ್ಳುತಂತಿ, ಹತ್ತಿ ಬರುವವರ ಮೇಲೆ ನೀರು ಹಾಯಿಸಲು ಕಟ್ಟಿಟ್ಟ ಪೈಪುಗಳು, ಕಳ್ಳರು ಹತ್ತಿದರೆ ಎಲ್ಲರೂ ಓಡಿಹೋಗಿ ಒಳಗಿನಿಂದ ಭದ್ರಪಡಿಸಿಕೊಳ್ಳುವ ಸಿಟಡೆಲ್ ಎಂಬ ಕೋಣೆ, ಎಲ್ಲವನ್ನೂ ವಿವರಿಸಿದರು. 2024ರ ಜನವರಿಯಲ್ಲಿ ಲೀಲಾ ನಾರ್ಫೋಕ್ ಹಡಗಿನ 21 ಜನ, ಅವರಲ್ಲಿ 15 ಮಂದಿ ಭಾರತೀಯರು, ಇಂಥದೇ ಕೋಣೆಯಲ್ಲಿ ಅಡಗಿದ್ದರಿಂದಲೇ ನೌಕಾಪಡೆ ಬರುವವರೆಗೆ ಸುರಕ್ಷಿತವಾಗಿ ಉಳಿದರು. ನಮ್ಮ ಕಥೆಯಲ್ಲಿ ಸಿಬ್ಬಂದಿ ಆ ಕೋಣೆ ತಲುಪುವ ಮೊದಲೇ ಸಿಕ್ಕಿಬೀಳುತ್ತಾರೆ.

“ಅಕ್ಕಾರ, ಸಿನಿಮಾದಾಗ ಎಲ್ಲಾರೂ ಬ್ರಿಡ್ಜ್ ಮ್ಯಾಲೆ ಇರತಾರ. ನಿಮ್ಮ ಫಿಟ್ಟರ್ ಕೆಳಗ ಇರಬೇಕ್ರಿ, ಜನರೇಟರ್ ಹಂತ್ಯಾಕ,” ಎಂದು ಅವರು ಹೇಳಿದ ಮಾತು ಕಥೆಗೆ ಹೊಸ ಬಲ ಕೊಟ್ಟಿತು. ಬ್ರಿಡ್ಜ್ ಎಂದರೆ ಹಡಗು ನಡೆಸುವವರು ನಿಲ್ಲುವ ಮೇಲಿನ ಕೋಣೆ. ಲಂಗರು ಹಾಕಿದ ಹಡಗಿನಲ್ಲೂ ಜನರೇಟರ್ ನಡೆಯುತ್ತಲೇ ಇರಬೇಕು. ಡೀಸೆಲ್ ಮುಗಿದರೆ ದೀಪ ಆರುತ್ತದೆ, ತಂಪು ಪೆಟ್ಟಿಗೆಯ ಆಹಾರ ಕೆಡುತ್ತದೆ, ಕುಡಿಯುವ ನೀರಿಗೂ ತೊಂದರೆಯಾಗುತ್ತದೆ, ಫೋನಿನ ಬ್ಯಾಟರಿಗೂ ಕರೆಂಟ್ ಇರುವುದಿಲ್ಲ. ಆದ್ದರಿಂದ ನಮ್ಮ ಚಿತ್ರದಲ್ಲಿ ಗಡುವನ್ನು ನಿರ್ಧರಿಸುವುದು ಟ್ಯಾಂಕಿನಲ್ಲಿ ಇಳಿಯುತ್ತಿರುವ ಡೀಸೆಲ್ ಮಟ್ಟ. ಅದನ್ನು ದಿನಾ ಅಳೆಯುವವನು ಫಿಟ್ಟರ್, ಮತ್ತು ಕಳ್ಳರಿಗೆ ಅವನು ಹೇಳುವ ಅಳತೆ ಪೂರ್ತಿ ನಿಜವಲ್ಲ.

ಕುಟುಂಬದ ಭಾಗವನ್ನು ಬರೆಯುವುದು ಬಹಳ ಭಾರವಾಯಿತು. ಕಂಪನಿಯ ಮೇಲೆ ಒತ್ತಡ ತರಲು ಕಳ್ಳರು ಒತ್ತೆಯಾಳುಗಳ ಕೈಯಲ್ಲೇ ಫೋನ್ ಕೊಟ್ಟು ಮನೆಯವರಿಗೆ ಮಾತಾಡಿಸುತ್ತಾರೆ. ಹೆದರಿದ ಮನೆಯವರು ಕಂಪನಿಯವರನ್ನು, ಪತ್ರಿಕೆಯವರನ್ನು, ಮಂತ್ರಿಗಳನ್ನು ಹಿಡಿದು ಅವಸರ ಮಾಡುತ್ತಾರೆ, ಅವಸರವಾದಷ್ಟೂ ಬೆಲೆ ಏರುತ್ತದೆ. ಹೀಗಾಗಿ ಅಂಥ ಕರೆಗಳನ್ನು ತೆಗೆದುಕೊಳ್ಳಬೇಡಿ ಎಂದು ಸಂಧಾನಕಾರರು ಮನೆಯವರಿಗೆ ಸೂಚಿಸುವುದುಂಟು. ಈ ಸೂಚನೆ ಕೊಡುವ ದೃಶ್ಯವನ್ನು ಹೆಂಡತಿಯ ಪಾತ್ರಕ್ಕೆ ಒಪ್ಪಿಕೊಂಡ ಗದಗಿನ ಕಲಾವಿದೆಗೆ ಓದಿ ಹೇಳಿದಾಗ ಅವರು ಹಾಳೆಯನ್ನು ಕೆಳಗಿಟ್ಟರು. “ಎತ್ತಬ್ಯಾಡ್ರಿ ಅಂತ ಹೇಳೋದು ಸರಳ ಐತ್ರಿ ಅಕ್ಕಾರ. ರಿಂಗ್ ಆಗೋದು ನನ್ನ ಮನ್ಯಾಗ,” ಎಂದರು. ಅವರ ಮಾತನ್ನು ಹಾಗೆಯೇ ಪಾತ್ರದ ಬಾಯಲ್ಲಿಟ್ಟೆವು. ಚಿತ್ರದಲ್ಲಿ ಆಕೆ ಒಮ್ಮೆ ಫೋನ್ ಎತ್ತುತ್ತಾಳೆ, ಅದರಿಂದ ಮುಂಬೈಯಲ್ಲಿ ವಾರಗಟ್ಟಲೆ ಕಟ್ಟಿದ ಲೆಕ್ಕಾಚಾರ ಕುಸಿಯುತ್ತದೆ, ಆದರೂ ಆಕೆಯನ್ನು ತಪ್ಪಿತಸ್ಥೆಯಾಗಿ ತೋರಿಸುವ ಒಂದು ಸಾಲೂ ಅಲ್ಲಿಲ್ಲ.

ದುಡ್ಡು ಕೊಟ್ಟರೆ ಎಲ್ಲ ಮುಗಿಯುತ್ತದಲ್ಲ, ಮತ್ತೆ ನೌಕಾಪಡೆ ಯಾಕೆ ಎಂದು ನಮ್ಮ ಓದು ಕೇಳಿದ ಹಲವರು ಪ್ರಶ್ನಿಸಿದರು. ಇದಕ್ಕೆ ಉತ್ತರ ಆಸ್ಫಾಲ್ಟ್ ವೆಂಚರ್ ಹಡಗಿನ ಕಥೆಯಲ್ಲಿದೆ. 2010ರಲ್ಲಿ ಅಪಹರಣವಾದ ಆ ಹಡಗಿಗೆ ಒತ್ತೆಹಣ ಕೊಟ್ಟಾಯಿತು, 2011ರ ಏಪ್ರಿಲಿನಲ್ಲಿ ಹಡಗನ್ನೂ ಬಿಟ್ಟರು, ಆದರೆ 7 ಮಂದಿ ಭಾರತೀಯ ಸಿಬ್ಬಂದಿಯನ್ನು ಕಳ್ಳರು ತಮ್ಮ ಬಳಿಯೇ ಇಟ್ಟುಕೊಂಡರು. ಭಾರತದ ಜೈಲಿನಲ್ಲಿದ್ದ ತಮ್ಮವರನ್ನು ಬಿಡಬೇಕೆಂಬುದು ಅವರ ಹಟ. ಆ ಏಳು ಜನ ಹೊರಬಂದದ್ದು 2014ರ ಅಕ್ಟೋಬರ್ ಕೊನೆಯಲ್ಲಿ. ನಮ್ಮ ಕಥೆಯ ತಿರುವು ಇದೇ ರೀತಿಯದು. ಮೊತ್ತ ಒಪ್ಪಿಗೆಯಾದ ಮೇಲೆ ಭಾರತೀಯರನ್ನು ಮಾತ್ರ ಬಿಡುವುದಿಲ್ಲ ಎಂಬ ಮಾತು ಬರುತ್ತದೆ, ಆ ಮಾತನ್ನು ಹೇಳುವಾಗ ದುಭಾಷಿಯ ದನಿಯೂ ನಡುಗುತ್ತದೆ. ಇಂಟರ್ವಲ್ ಅಲ್ಲಿಗೆ.

ಬಿಡುಗಡೆಯ ಭಾಗಕ್ಕೆ ಬಂದಾಗ ನನಗೂ ನಿರ್ದೇಶಕರಿಗೂ ನಿಜವಾದ ಜಗ್ಗಾಟ ನಡೆಯಿತು. 1980ರ ಮೇ 5ರಂದು ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ಬ್ರಿಟಿಷ್ ಎಸ್‌ಎಎಸ್ ಪಡೆ ನುಗ್ಗಿದ ಹೊತ್ತಿನಲ್ಲಿ, ಪೊಲೀಸ್ ಸಂಧಾನಕಾರರು ಒಳಗೆ ಜನರನ್ನು ಒತ್ತೆಯಿಟ್ಟುಕೊಂಡಿದ್ದ ಬಂದೂಕುಧಾರಿಗಳ ಮುಖಂಡನನ್ನು ಫೋನಿನಲ್ಲಿ ಮಾತಿಗೆ ಹಿಡಿದಿಟ್ಟಿದ್ದರು. ಆರು ದಿನ ಆಡಿದ ಮಾತಿನ ವಿಶ್ವಾಸವನ್ನೆಲ್ಲ ಆ ಕೊನೆಯ ನಿಮಿಷಗಳಿಗೆ ಬಳಸಬೇಕಾಯಿತು. ಮುಂದಿನ ಕಾರ್ಯಾಚರಣೆ 17 ನಿಮಿಷದಲ್ಲಿ ಮುಗಿದುಹೋಯಿತು. ಈ ಸಂಗತಿ ಓದಿದಂದಿನಿಂದ ನನಗೆ ಆ ಫೋನಿನ ಈಚೆ ಕೂತವರ ಸ್ಥಿತಿಯೇ ಕಾಡುತ್ತಿತ್ತು. ಜೀವ ಉಳಿಸಲೆಂದೇ ಆದರೂ, ಇನ್ನು ಕೆಲವೇ ಕ್ಷಣಗಳಲ್ಲಿ ಸಾಯಬಹುದಾದ ಮನುಷ್ಯನೊಂದಿಗೆ ಎಂದಿನ ದನಿಯಲ್ಲಿ ಮಾತಾಡುವುದೆಂದರೆ ಏನು? ಕ್ಯಾಮೆರಾ ಮುಂಬೈಯ ಕೋಣೆ ಬಿಟ್ಟು ಕದಲಬಾರದು ಎಂದು ನಾನು ಹಟ ಹಿಡಿದೆ. ಕಮಾಂಡೊಗಳನ್ನು ತೋರಿಸದ ಬಿಡುಗಡೆಯ ಚಿತ್ರವನ್ನು ಹುಬ್ಬಳ್ಳಿಯ ಪ್ರೇಕ್ಷಕ ಏಕೆ ನೋಡಬೇಕು ಎಂದು ಅವರು ಕೇಳಿದರು. ಅವರ ಪ್ರಶ್ನೆಗೆ ತೂಕವಿತ್ತು. ಆರು ತಿಂಗಳ ಕತ್ತಲೆಯ ನಂತರ ಬಾಗಿಲು ತೆರೆಯುವುದನ್ನು ಕಣ್ಣಾರೆ ನೋಡುವ ಹಕ್ಕು ಪ್ರೇಕ್ಷಕರಿಗೂ ಇದೆ.

ಪರಿಹಾರ ನುಗ್ಗಿ ಗಿಡದ ಪ್ರಶ್ನೆಯಿಂದಲೇ ಬಂತು. ಕಾರ್ಯಾಚರಣೆಯ ರಾತ್ರಿ ಸಂಧಾನಕಾರರು, ಹಣ ಕಳಿಸುವ ಮೊದಲು ಪ್ರತಿಯೊಬ್ಬ ಸಿಬ್ಬಂದಿಗೂ ಮನೆಯವರ ಒಂದೊಂದು ಪ್ರಶ್ನೆ ಕೇಳಬೇಕೆಂದು ಪಟ್ಟು ಹಿಡಿಯುತ್ತಾರೆ. ಹಡಗಿನ ಬೇರೆ ಬೇರೆ ಮೂಲೆಗಳಲ್ಲಿ ಇಟ್ಟಿರುವ ಒತ್ತೆಯಾಳುಗಳನ್ನು ಉತ್ತರಕ್ಕಾಗಿ ಊಟದ ಕೋಣೆಯಲ್ಲಿ ಒಟ್ಟುಗೂಡಿಸದೆ ಕಳ್ಳರಿಗೆ ಬೇರೆ ದಾರಿಯಿಲ್ಲ. ಎಲ್ಲರೂ ಒಂದೆಡೆ ಇದ್ದಾರೆಂಬ ಸುದ್ದಿ ಆ ಉತ್ತರಗಳ ಮೂಲಕವೇ ನೌಕಾಪಡೆಗೆ ತಲುಪುತ್ತದೆ. ಹೀಗೆ ಮಾತು ಬಿಡುಗಡೆಗೆ ದಾರಿ ಮಾಡಿಕೊಡುತ್ತದೆ. ಮೊದಲ ಸದ್ದು, ಓಟ, ಕೂಗು ಇಷ್ಟನ್ನೂ ನಾವು ಮುಂಬೈಯ ಕೋಣೆಯಲ್ಲಿ ಫೋನಿನ ಮೂಲಕ ಮಾತ್ರ ಕೇಳುತ್ತೇವೆ. ಫೋನ್ ಕಡಿದ ಮರುಕ್ಷಣ ಚಿತ್ರ ಹಡಗಿಗೆ ಹೋಗುತ್ತದೆ, ಅಲ್ಲಿಂದ ಮುಂದಿನದು ಪೂರ್ತಿ ನಿರ್ದೇಶಕರದು. ಆ ಭಾಗವನ್ನು ಅವರು ಬರೆದಿರುವ ರೀತಿ ನನಗೆ ತುಂಬ ಮೆಚ್ಚಿಗೆಯಾಗಿದೆ.

ದುಭಾಷಿಯನ್ನು ಏನು ಮಾಡುವುದು ಎಂಬುದು ಕೊನೆಯ ಪ್ರಶ್ನೆಯಾಗಿ ಉಳಿದಿತ್ತು. 2009ರ ಏಪ್ರಿಲಿನಲ್ಲಿ ಮಾರ್ಸ್ಕ್ ಅಲಬಾಮಾ ಹಡಗಿನ ಕ್ಯಾಪ್ಟನ್ನನ್ನು ಬಿಡಿಸಿದಾಗ, ಲೈಫ್‌ಬೋಟಿನಲ್ಲಿದ್ದ ಮೂವರು ಕಳ್ಳರು ಅಮೆರಿಕದ ಗುರಿಕಾರರ ಗುಂಡಿಗೆ ಸತ್ತರು, ಆ ಹೊತ್ತಿಗೆ ಅಮೆರಿಕದ ಯುದ್ಧನೌಕೆಯ ಮೇಲಿದ್ದ ನಾಲ್ಕನೆಯವನೊಬ್ಬ ಬದುಕುಳಿದ. ನಮ್ಮ ದುಭಾಷಿಯೂ ಬದುಕುತ್ತಾನೆ. ರುಯೆನ್ ಹಡಗಿನ 35 ಮಂದಿಯನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿದಂತೆ ಅವನನ್ನೂ ತರುತ್ತಾರೆ. 2022ರ ಕಡಲ್ಗಳ್ಳತನ ತಡೆ ಕಾಯ್ದೆಯ ಪ್ರಕಾರ ಇಲ್ಲಿಯೇ ವಿಚಾರಣೆ. ಅವನ ದನಿಯನ್ನು ಗುರುತಿಸಲು ಸಂಧಾನಕಾರರನ್ನು ಕರೆಸುತ್ತಾರೆ, ತಿಂಗಳುಗಟ್ಟಲೆ ಮಾತಾಡಿದ ಇಬ್ಬರೂ ಮೊದಲ ಬಾರಿ ಎದುರಾಗುತ್ತಾರೆ.

ಈ ದೃಶ್ಯದ ಓದು ನಡೆದಾಗ ಹಿರಿಯ ನಟರು ಒಂದು ಸೂಕ್ಷ್ಮವಾದ ಪ್ರಶ್ನೆ ಎತ್ತಿದರು. “ನಿನಗೇನೂ ಆಗದಂಗ ನೋಡಿಕೋತೇನಿ ಅಂತ ನಾ ಅವಗ ಫೋನಿನ್ಯಾಗ ಎಲ್ಲೆರೆ ಮಾತು ಕೊಟ್ಟೇನೇನ್ರಿ? ಕೊಟ್ಟಿದ್ರ ಈ ಸೀನ್ ಬ್ಯಾರೆ, ಕೊಡದಿದ್ರ ಬ್ಯಾರೆ.” ನಡೆಸಲಾಗದ ಮಾತನ್ನು ಕೊಡದಿರುವುದು ಸಂಧಾನಕಾರನ ಮೊದಲ ಶಿಸ್ತು, ಅಧಿಕಾರವೇ ಇಲ್ಲದ ನಮ್ಮ ನಾಯಕರಿಗಂತೂ ಅದು ಇನ್ನೂ ಬಿಗಿಯಾಗಿ ಅನ್ವಯಿಸಬೇಕು. ಆದ್ದರಿಂದ ಈಗ ಮೊದಲ ಕರೆಯಿಂದ ಕೊನೆಯ ಕರೆಯವರೆಗೆ ಪ್ರತಿ ಸಾಲನ್ನೂ ಮತ್ತೆ ಓದುತ್ತ, ಅವರ ಬಾಯಿಂದ ಎಲ್ಲಾದರೂ ಅಂಥ ಆಶ್ವಾಸನೆ ಜಾರಿದೆಯೇ ಎಂದು ನೋಡುತ್ತಿದ್ದೇವೆ. ಔಷಧದ ಆ ದೀರ್ಘ ಮಾತಿನಲ್ಲಿ ಆಶ್ವಾಸನೆಯಂತೆ ಕೇಳಿಸುವ ಒಂದು ಸಾಲಿದೆ. ಅದನ್ನು ತೆಗೆಯಬಾರದು ಎನ್ನುವುದು ಯುವ ನಟನ ವಾದ, ಏಕೆಂದರೆ ದುಭಾಷಿ ಅದನ್ನೇ ನಂಬಿ ಬದುಕಿದ್ದಾನೆ. ಮುಂದಿನ ವಾರ ಇಬ್ಬರೂ ಒಂದೇ ಕೋಣೆಯಲ್ಲಿ ಎದುರು ಬದುರು ಕೂತು ಆ ಸಾಲನ್ನು ಇಟ್ಟುಕೊಂಡು ಒಮ್ಮೆ, ಬಿಟ್ಟು ಒಮ್ಮೆ ಆಡಿ ನೋಡಲಿದ್ದಾರೆ. ಆಮೇಲೆ ನಿರ್ದೇಶಕರು ಹಡಗಿನ ದೃಶ್ಯಗಳಿಗೆ ಜಾಗ ನೋಡಲು ಕಾರವಾರದ ಕಡೆ ಹೊರಡುತ್ತಾರೆ.